ಓದುಗರ ಮೈದಾನ: ಈ ಸಲ ಪೂರ್ತಿ ಚಾಪ್ಮನ್

ನಿಮ್ಮ ಮನಸ್ಸಲ್ಲಿ ಉಳ್ಕೊಂಡಿರೋ ಹಳೇ ಫುಟ್ಬಾಲ್ ಆಟಗಾರ ಯಾರು, ಅವ್ರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೇಳಿದ್ವಿ. ಮರಡೋನಾ ಬಂದ್ರು, ಜಿದಾನ್ ಬಂದ್ರು, ನಮ್ಮೋರಲ್ಲಿ ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ ಬಂದ್ರು. ಆದ್ರೆ ಪತ್ರ ಒಡೀತಾ ಹೋದಂಗೆ ಮತ್ತೆ ಮತ್ತೆ ಒಂದೇ ಹೆಸರು, ಕಾರ್ಲ್ಟನ್ ಚಾಪ್ಮನ್. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಪೂರ್ತಿ ಅವ್ರಿಗೇ ಕೊಟ್ಟಿದೀನಿ. ನಂಗಂತೂ ತುಂಬಾ ಖುಷಿಯಾಯ್ತು.

ಶಿವಮೊಗ್ಗದಿಂದ ಒಬ್ಬ ಓದುಗರು: ನಾನು ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ನೋಡಿ ಫುಟ್ಬಾಲ್ ಹುಚ್ಚು ಹತ್ತಿಸ್ಕೊಂಡೋನು. ನಮ್ ಮಾವ ಮಾತೆತ್ತಿದ್ರೆ ಚಾಪ್ಮನ್ ಚಾಪ್ಮನ್ ಅಂತಾರೆ. ಯಾರು ಸರ್ ಅವ್ರು? ಅಷ್ಟು ದೊಡ್ಡ ಆಟಗಾರರಾ?

ದೊಡ್ಡ ಆಟಗಾರರೇ, ಅದೂ ನಮ್ಮ ಬೆಂಗಳೂರಿನೋರು. 1971ರಲ್ಲಿ ಹುಟ್ಟಿದ್ದು. ಎಂಬತ್ತರ ದಶಕದ ನಡುವಲ್ಲಿ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರಲ್ಲಿ ಆಟ ಕಲ್ತು, ಸದರ್ನ್ ಬ್ಲೂಸ್ ಅನ್ನೋ ಲೋಕಲ್ ಕ್ಲಬ್ಬಿಗೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಹೋದ್ರು. ಆಗ ಆ ಅಕಾಡೆಮಿ ಶುರುವಾಗಿ ಮೂರೇ ವರ್ಷ ಆಗಿತ್ತು, ದೇಶದ ಮೂಲೆ ಮೂಲೆಯಿಂದ ಹುಡುಗರನ್ನ ಆರ್ಸಿ ಕರ್ಕೊಂಡೋಗಿ ಹಾಸ್ಟೆಲಲ್ಲಿ ಇಟ್ಟು ಫುಟ್ಬಾಲ್ ಒಂದನ್ನೇ ಕಲಿಸೋ ಜಾಗ ಅಂದ್ರೆ ಆವಾಗ ಅದೇ. ಅಲ್ಲಿಂದ 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್, 1995ರಲ್ಲಿ ಪಂಜಾಬಿನ ಜೆಸಿಟಿ, ಆಮೇಲೆ ಒಂದು ಸೀಸನ್ ಕೇರಳದ ಎಫ್‌ಸಿ ಕೊಚ್ಚಿನ್, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅಲ್ಲೇ ಆಟ ನಿಲ್ಲಿಸಿದ್ರು. 1995ರಿಂದ 2001ರವರೆಗೆ ಇಂಡಿಯಾ ಟೀಮಲ್ಲಿದ್ರು, ಸ್ವಲ್ಪ ಕಾಲ ಕ್ಯಾಪ್ಟನ್ನೂ ಆಗಿದ್ರು, 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಫೈನಲಲ್ಲಿ ಮಾಲ್ಡೀವ್ಸ್‌ನ 5-1ರಲ್ಲಿ ಸೋಲ್ಸಿದ್ದು ಅವ್ರ ಕಾಲದ ಇಂಡಿಯಾ ಟೀಮೇ.

ಇದು ಲೆಕ್ಕಾಚಾರ ಆಯ್ತು. ನಿಮ್ ಮಾವನಿಗೆ ಯಾಕೆ ಅಷ್ಟು ಪ್ರೀತಿ ಅನ್ನೋದನ್ನ ಹೇಳ್ಬೇಕಂದ್ರೆ ಆ ಕಾಲ ಹೇಳ್ಬೇಕು. ತೊಂಬತ್ತರ ದಶಕದಲ್ಲಿ ಇಂಡಿಯನ್ ಫುಟ್ಬಾಲ್ ಫ್ಯಾನ್ ಆಗೋದು ಅಂದ್ರೆ ಹುಡ್ಕಾಟ. ಟಿವಿಲಿ ಅಪ್ಪಿತಪ್ಪಿ ಮ್ಯಾಚ್ ಬರೋದು, ಪೇಪರಲ್ಲಿ ಸ್ಪೋರ್ಟ್ಸ್ ಪುಟ ತೆಗೆದ್ರೆ ಮುಕ್ಕಾಲು ಕ್ರಿಕೆಟ್ಟು, ಕೆಳಗಡೆ ಮೂಲೇಲಿ ಕಲ್ಕತ್ತಾ ಅಂತ ಊರಿನ ಹೆಸ್ರು ಹಾಕಿ ನಾಕು ಸಾಲು ಫುಟ್ಬಾಲ್ ಸುದ್ದಿ. ಆ ನಾಕು ಸಾಲಲ್ಲಿ ನಮ್ಮೂರ ಹುಡುಗನ ಹೆಸರು ಕಾಣಿಸ್ತು ಅಂದ್ರೆ ಆ ದಿನ ಪೂರ್ತಿ ಚೆನ್ನಾಗಿರ್ತಿತ್ತು. ನಿಮ್ ಮಾವ ಬಹುಶಃ ಚಾಪ್ಮನ್ ಆಡೋದನ್ನ ಕಣ್ಣಾರೆ ನೋಡಿರೋದಕ್ಕಿಂತ ಓದಿರೋದೇ ಜಾಸ್ತಿ, ಓದಿ ಓದಿ ಮನಸ್ಸಲ್ಲೇ ಆಟ ಕಟ್ಕೊಂಡಿರೋ ಪೀಳಿಗೆ ಅದು, ಅವ್ರ ಜೊತೆ ಕೂತು ಸಮಾಧಾನವಾಗಿ ಕೇಳಿ, ನಾನು ಇಲ್ಲಿ ಬರೆಯೋದಕ್ಕಿಂತ ಜಾಸ್ತಿ ಹೇಳ್ತಾರೆ.

ಬಳ್ಳಾರಿಯಿಂದ: ಈಸ್ಟ್ ಬೆಂಗಾಲ್ ಇರಾಕ್ ದೇಶದ ಕ್ಲಬ್ಬಿಗೆ ಆರು ಗೋಲ್ ಹೊಡೀತು, ಅದ್ರಲ್ಲಿ ಚಾಪ್ಮನ್‌ದು ಹ್ಯಾಟ್ರಿಕ್ ಅಂತ ನಮ್ ಫ್ರೆಂಡ್ ಒಬ್ಬ ಬೆಟ್ ಕಟ್ಟಿದಾನೆ. ಇದು ಉತ್ಪ್ರೇಕ್ಷೆ ಅಲ್ವಾ?

ನಿಮ್ ಫ್ರೆಂಡ್ ಗೆದ್ರು, ದುಡ್ಡು ಕೊಟ್ಬಿಡಿ. 1993, ಏಷ್ಯನ್ ಕಪ್ ವಿನ್ನರ್ಸ್ ಕಪ್ ಮೊದಲ ಸುತ್ತು, ಎದುರಾಳಿ ಬಾಗ್ದಾದಿನ ಅಲ್ ಜವ್ರಾ. ಸ್ಕೋರು 6-2. ಚಾಪ್ಮನ್ ಮೂರು ಗೋಲು.

ನೀವು ಉತ್ಪ್ರೇಕ್ಷೆ ಅಂದ್ಕೊಂಡಿದ್ದು ಸಹಜ, ಯಾಕಂದ್ರೆ ಅಲ್ ಜವ್ರಾ ಏನು ಚಿಲ್ಲರೆ ಟೀಮಲ್ಲ, ಇರಾಕಿನ ದೊಡ್ಡ ಕ್ಲಬ್ಬುಗಳಲ್ಲೊಂದು. ಮತ್ತೆ ಆ ವರ್ಷದ ಇರಾಕ್ ಫುಟ್ಬಾಲ್ ಎಂಥದ್ದು ಅನ್ನೋಕೆ ಇದೊಂದು ನೋಡಿ, 1993ರ ಅಕ್ಟೋಬರಲ್ಲಿ ದೋಹಾದಲ್ಲಿ ವರ್ಲ್ಡ್ ಕಪ್ ಕ್ವಾಲಿಫೈಯರ್ ಕೊನೇ ಮ್ಯಾಚು, ಜಪಾನ್ 2-1 ಮುಂದಿದೆ, ಇನ್ನೇನು ಮೊದಲ ಸಲ ವರ್ಲ್ಡ್ ಕಪ್ಪಿಗೆ ಹೋಗ್ಬಿಟ್ರು ಅನ್ನೋ ಹೊತ್ತಲ್ಲಿ ಇರಾಕ್ ಕೊನೇ ಘಳಿಗೇಲಿ ಗೋಲ್ ಹೊಡ್ದು 2-2 ಮಾಡಿ ಜಪಾನನ್ನ ಮನೆಗೆ ಕಳ್ಸ್ತು. ಅಂಥಾ ದೇಶದ ಕ್ಲಬ್ಬಿಗೆ ನಮ್ಮ ಕ್ಲಬ್ಬೊಂದು ಆರು ಗೋಲ್ ಹಾಕಿದ್ದು. ಅದೂ ಮೂರು ಹೊಡ್ದೋರು ಸ್ಟ್ರೈಕರ್ ಅಲ್ಲ, ಮಿಡ್‌ಫೀಲ್ಡರು, ಅಕಾಡೆಮಿಯಿಂದ ಬಂದು ಈಸ್ಟ್ ಬೆಂಗಾಲ್ ಸೇರಿದ ವರ್ಷಾನೇ, ವಯಸ್ಸು ಇಪ್ಪತ್ತೆರಡು. ಇಂಡಿಯನ್ ಕ್ಲಬ್ ಆಟಗಾರ ಏಷ್ಯಾ ಮಟ್ಟದಲ್ಲಿ ಆಡಿರೋ ಅತ್ಯುತ್ತಮ ಮ್ಯಾಚುಗಳ ಪಟ್ಟಿ ಮಾಡಿದ್ರೆ ನಾನಂತೂ ಇದನ್ನ ಮೊದಲ ಸಾಲಲ್ಲೇ ಇಡ್ತೀನಿ, ಯಾರು ಏನೇ ಅನ್ಲಿ.

ಮೈಸೂರಿನಿಂದ ಒಬ್ಬ ಓದುಗರು: ನಮ್ಮಣ್ಣ ಸ್ಕೂಲ್ ನೋಟ್‌ಬುಕ್ಕಲ್ಲಿ ಚಾಪ್ಮನ್ ಫೋಟೋ ಕಟಿಂಗ್ ಎಲ್ಲಾ ಅಂಟಿಸಿ ಇಟ್ಟಿದ್ದ, ಅಮ್ಮನ ಕೈಗೆ ಸಿಕ್ಕಿ ಬೈಸ್ಕೊಂಡಿದ್ದೂ ಇದೆ. ಚಾಪ್ಮನ್ ಗ್ರೌಂಡಲ್ಲಿ ಯಾವತ್ತೂ ಸಿಟ್ಟೇ ಮಾಡ್ಕೊಳ್ತಿರ್ಲಿಲ್ಲ ಅಂತ ಅಣ್ಣ ಹೇಳೋನು. ಫ್ಯಾನ್ ಆಗಿದ್ಕೆ ಹಂಗಂತಿದ್ನಾ, ನಿಜಾನಾ?

ನಿಜ ಮೇಡಂ. ಇದನ್ನ ಹೇಳಿರೋರು ಫ್ಯಾನ್ಸ್ ಮಾತ್ರ ಅಲ್ಲ, ಜೊತೇಲಿ ವರ್ಷಗಟ್ಟಲೆ ಆಡಿದ ವಿಜಯನ್ ಅವ್ರೇ ಹೇಳಿದಾರೆ. ಚಾಪ್ಮನ್ ನಮಗೆ ತಮ್ಮ ಇದ್ದಂಗಿದ್ರು, ಗ್ರೌಂಡ್ ಒಳಗೂ ಹೊರಗೂ ಮೃದು ಸ್ವಭಾವ, ಎದುರು ಟೀಮಿನೋರ ಮೇಲೆ ಸಿಟ್ಟು ಮಾಡ್ಕೊಳ್ತಾ ಇದ್ದಿದ್ದೇ ಅಪರೂಪ ಅನ್ನೋ ಅರ್ಥದಲ್ಲಿ. ಮಿಡ್‌ಫೀಲ್ಡಲ್ಲಿ ಆಡೋರಿಗೆ ಇದು ಎಷ್ಟು ಕಷ್ಟ ಅಂತ ಆಡಿದೋರಿಗೆ ಗೊತ್ತು. ಒದೆ ಬೀಳೋದೇ ಅಲ್ಲಿ, ಹಿಂದಿನಿಂದ ಕಾಲು ಹಾಕ್ತಾರೆ, ಜರ್ಸಿ ಎಳೀತಾರೆ, ಮಳೆಗಾಲದ ಗ್ರೌಂಡಾದ್ರೆ ಬಾಲ್ ಬಿಟ್ಟು ಕಾಲಿಗೇ ಬರ್ತಾರೆ. ಅಂಥ ಕಡೆ ತಲೆ ಕೆಡಿಸ್ಕೊಳ್ಳದೆ ಎದ್ದು ಮತ್ತೆ ಬಾಲ್ ಕೇಳೋದಿದ್ಯಲ್ಲ, ಅದು ಸ್ವಭಾವದಲ್ಲೇ ಬರ್ಬೇಕು. ನಿಮ್ಮಣ್ಣನ ನೋಟ್‌ಬುಕ್ ಇನ್ನೂ ಇದ್ರೆ ದಯವಿಟ್ಟು ಜೋಪಾನ ಮಾಡಿ.

ಹುಬ್ಬಳ್ಳಿಯಿಂದ: ಜೆಸಿಟಿ ಅಂದ್ರೆ ಎಲ್ಲಾರೂ ವಿಜಯನ್, ಭೈಚುಂಗ್ ಅಂತಾರ್ರಿ. ಚಾಪ್ಮನ್ ಹೆಸರು ಮೂರನೇದಾಗಿ ಬರತೈತಿ, ಒಮ್ಮೊಮ್ಮೆ ಬರಂಗೂ ಇಲ್ಲ. ನಮ್ಮ ಗೆಳೆಯರ ಗುಂಪಿನಾಗ ಇದ್ರ ಮ್ಯಾಲೆ ದೊಡ್ಡ ಜಗಳನ ಆತು. ನೀವೇನಂತೀರಿ?

ಸರ್, ನಿಮ್ ಪತ್ರ ಓದಿದ ತಕ್ಷಣ ಇದಕ್ಕೆ ಉದ್ದ ಬರೀಬೇಕು ಅಂದ್ಕೊಂಡೆ.

ಜೆಸಿಟಿ ಅಂದ್ರೆ ಪಂಜಾಬಿನ ಫಗ್ವಾಡದ ಬಟ್ಟೆ ಮಿಲ್ಲಿನ ಟೀಮು, ಕೋಚು ಸುಖ್ವಿಂದರ್ ಸಿಂಗ್. ಕೋಲ್ಕತ್ತಾದಂಗೆ ಲಕ್ಷ ಜನ ನೋಡೋಕೆ ಬರೋ ಊರಲ್ಲ ಅದು. ಆದ್ರೆ ತೊಂಬತ್ತರ ದಶಕದ ಮಧ್ಯದಲ್ಲಿ ದೇಶದ ಬೆಸ್ಟ್ ಟೀಮ್ ಯಾವ್ದು ಅಂದ್ರೆ ಅದೇ. 1995, 1996 ಎರಡು ವರ್ಷ ದೇಶದ ಕ್ಲಬ್ಬುಗಳ ನಡುವಿನ ಫೆಡರೇಷನ್ ಕಪ್ಪು, ಆಮೇಲೆ ನ್ಯಾಷನಲ್ ಫುಟ್ಬಾಲ್ ಲೀಗ್ ಅಂತ ಮೊದಲ ಸಲ ಶುರುವಾದಾಗ, 1996-97ರಲ್ಲಿ, ಅದನ್ನೂ ಹೊಡ್ಕೊಂಡ್ರು. ಚಾಪ್ಮನ್ ಜೆಸಿಟಿಲಿ ಇದ್ದಾಗ ಗೆದ್ದ ಟೂರ್ನಮೆಂಟು ಒಟ್ಟು 14. ಒಂದೇ ಕ್ಲಬ್ಬಿಗೆ ಜೀವಮಾನ ಪೂರ್ತಿ ಆಡಿದ್ರೂ ಇಷ್ಟು ಸಿಗದೇ ಇರೋರು ಎಷ್ಟೋ ಜನ ಇದಾರೆ.

ಮೊದಲ ಲೀಗಲ್ಲಿ ಭೈಚುಂಗ್ 14 ಗೋಲ್ ಹೊಡ್ದು ಟಾಪ್ ಸ್ಕೋರರ್ ಆದ್ರು. ಪೇಪರಲ್ಲಿ ಅದೇ ಬಂತು, ಜನ ಅದನ್ನೇ ನೆನಪಿಟ್ಕೊಂಡ್ರು, ತಪ್ಪೇನಿಲ್ಲ, ಗೋಲ್ ಹೊಡ್ದೋರ ಹೆಸರೇ ಸ್ಕೋರ್ ಪಕ್ಕದಲ್ಲಿ ಬರೋದು. ಈಗಿನಂಗೆ ಅಸಿಸ್ಟ್ ಎಷ್ಟು, ಪಾಸ್ ಎಷ್ಟು, ಎಷ್ಟು ಕಿಲೋಮೀಟರ್ ಓಡಿದ್ರು ಅಂತ ಲೆಕ್ಕ ಇಡೋರು ಆಗ ಯಾರೂ ಇರ್ಲಿಲ್ಲ. ಹಿಂಗಾಗಿ ಆ ಕಾಲದ ಮಿಡ್‌ಫೀಲ್ಡರ್‌ಗಳಿಗೆ ದಾಖಲೆಯಲ್ಲೇ ಅನ್ಯಾಯ ಆಗಿದೆ, ಇದು ಚಾಪ್ಮನ್ ಒಬ್ರ ಕಥೆ ಅಲ್ಲ.

ಆದ್ರೆ ಆಟದ ಒಳಗೆ ನೋಡಿ. ವಿಜಯನ್ ಬಾಲ್ ಕಾಲಲ್ಲಿದ್ರೆ ಏನ್ ಬೇಕಾದ್ರೂ ಮಾಡೋರು, ಭೈಚುಂಗ್ ಡಿಫೆಂಡರ್ ಬೆನ್ನ ಹಿಂದೆ ಓಡೋದ್ರಲ್ಲಿ ನಿಪುಣ. ಇಬ್ರಿಗೂ ಬೇಕಾಗಿದ್ದು ಒಂದೇ, ಬಾಲು ಸರಿಯಾದ ಟೈಮಿಗೆ ಬರ್ಬೇಕು. ಭೈಚುಂಗ್ ತರದೋರಿಗೆ ಅರ್ಧ ಸೆಕೆಂಡ್ ತಡವಾಗಿ ಪಾಸ್ ಕೊಟ್ರೆ ಆಫ್‌ಸೈಡ್, ಅರ್ಧ ಸೆಕೆಂಡ್ ಬೇಗ ಕೊಟ್ರೆ ಬಾಲು ಗೋಲಿ ಕೈಗೆ. ವಿಜಯನ್ ತರದೋರಿಗೆ ಕಾಲಿಗೇ ಬೇಕು, ಅದೂ ಡಿಫೆಂಡರ್ ಇಲ್ಲದ ಕಡೆಯ ಕಾಲಿಗೆ. ಎರಡು ಬೇರೆ ಬೇರೆ ತರದ ಆಟಗಾರರಿಗೆ ಬೇರೆ ಬೇರೆ ತರದ ಬಾಲ್ ಕೊಡ್ತಾ, ಬಾಲ್ ಹೋದ್ರೆ ಹಿಂದಕ್ಕೆ ಓಡಿ ಕಿತ್ಕೊಳ್ತಾ, ಅವಕಾಶ ಸಿಕ್ಕಾಗ ತಾನೇ ಬಾಕ್ಸ್ ಒಳಗೆ ನುಗ್ಗೋದು ಇದ್ಯಲ್ಲ, ಆ ಕೆಲ್ಸಕ್ಕೆ ಹೆಸರು ಬರಲ್ಲ ಆದ್ರೆ ಅದಿಲ್ದಿದ್ರೆ ಮುಂದಿನ ಇಬ್ರೂ ಬಾಲಿಗೆ ಕಾಯ್ತಾ ನಿಂತಿರ್ಬೇಕು. ನೇಗಿಲು ಹೂಡಿದೋನ ಹೆಸರು ರಾಶಿ ಮೇಲೆ ಬರೆಯಲ್ಲ ಅಲ್ವಾ, ಹಂಗೆ.

ಅದಕ್ಕೇ ನಿಮ್ಮ ಗುಂಪಿನ ಜಗಳಕ್ಕೆ ನನ್ನ ತೀರ್ಪು: ಮೂವರಲ್ಲಿ ಮೊದಲು, ಎರಡು, ಮೂರು ಅಂತ ನಂಬರ್ ಹಾಕೋದೇ ಬೇಡ. ಆ ಜೆಸಿಟಿನ ಮೂರೂ ಹೆಸರು ಸೇರಿಸೇ ಹೇಳ್ಬೇಕು. ಇನ್ನೊಂದು ಬೇಜಾರಿನ ಸಂಗತಿ, ಆ ಟೀಮೇ ಈಗಿಲ್ಲ, 2011ರಲ್ಲಿ ಮುಚ್ಚಿದ್ರು. ದೇಶದ ಮೊದಲ ಲೀಗ್ ಗೆದ್ದ ಟೀಮನ್ನ ಈಗಿನ ಹುಡುಗ್ರು ನೋಡೋ ಹಂಗೇ ಇಲ್ಲ.

ತುಮಕೂರಿನಿಂದ: ಚಾಪ್ಮನ್ ಗ್ರೇಟಾ ಸುನಿಲ್ ಛೆಟ್ರಿ ಗ್ರೇಟಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗಲ್ಲ. ಛೆಟ್ರಿ ಗೋಲ್ ಹೊಡಿಯೋರು, ಚಾಪ್ಮನ್ ಹೊಡ್ಸೋರು. ಇಬ್ರನ್ನೂ ಪ್ರೀತಿಸಿ.

ಬೆಂಗಳೂರು, ಹಲಸೂರಿನಿಂದ: ನಮ್ಮೂರಲ್ಲಿ ಇಷ್ಟು ಫುಟ್ಬಾಲ್ ಇದ್ರೂ ಚಾಪ್ಮನ್ ಯಾಕೆ ಕೋಲ್ಕತ್ತಾ, ಪಂಜಾಬ್ ಅಂತ ಅಲೀಬೇಕಾಯ್ತು? ಇಲ್ಲೇ ಆಡ್ಬೋದಿತ್ತಲ್ಲ?

ನಿಮ್ ಪ್ರಶ್ನೇಲಿ ನೋವಿದೆ, ನಂಗೂ ಇದೆ. ನಿಮ್ಮ ಪಕ್ಕದಲ್ಲೇ ಗೌತಮಪುರ ಇದೆ, ಪೆಲೆ ಪ್ರತಿಮೆ ನಿಲ್ಸಿರೋ ಏರಿಯಾ, ಆ ಕಡೆ ಆಸ್ಟಿನ್ ಟೌನು, ಈ ಗಲ್ಲಿಗಳಿಂದ ಎಷ್ಟು ಆಟಗಾರರು ಬಂದ್ರು ಅಂತ ನಿಮ್ಗೇ ಚೆನ್ನಾಗಿ ಗೊತ್ತಿರುತ್ತೆ. ನಮ್ಮೂರ ಫುಟ್ಬಾಲ್ ಚರಿತ್ರೆ ಸಣ್ಣದಲ್ಲ. 1937, 1938ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಟೀಮು ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ಕೊಂಡ್ ಬಂತು, ಬ್ರಿಟಿಷ್ ಪಟಾಲಂ ಟೀಮುಗಳೇ ಗೆಲ್ತಿದ್ದ ಕಪ್ ಅದು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಸ್ವತಂತ್ರ ಭಾರತದ ಮೊದಲ ಗೋಲ್ ಹೊಡ್ದ ಸಾರಂಗಪಾಣಿ ರಾಮನ್ ಬೆಂಗಳೂರಿನೋರೇ. ಮೈಸೂರು ಅನ್ನೋ ಹೆಸರಲ್ಲಿ ನಮ್ಮ ರಾಜ್ಯದ ಟೀಮು 1946-47, 1952-53, ಆಮೇಲೆ 1967-68, 1968-69 ಹಿಂಗೆ ನಾಕು ಸಲ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದೆ.

ಅಲ್ಲಿಗೆ ನಿಂತೋಯ್ತು ನೋಡಿ. ಚಾಪ್ಮನ್ ಹುಟ್ಟಿದ್ದೇ ಆ ಬರಗಾಲ ಶುರುವಾದ ಮೇಲೆ. ಅವ್ರು ಬೆಳೆದಾಗ ಬೆಂಗಳೂರಲ್ಲಿ ಇದ್ದಿದ್ದು ಐಟಿಐ, ಎಚ್‌ಎಎಲ್ ತರದ ಫ್ಯಾಕ್ಟರಿ ಟೀಮುಗಳು. ಆ ಟೀಮುಗಳನ್ನ ಕಡಿಮೆ ಮಾಡಿ ಹೇಳೋ ಮಾತೇ ಇಲ್ಲ, ಬೆಳಿಗ್ಗೆ ಡ್ಯೂಟಿ ಮಧ್ಯಾಹ್ನದ ಮೇಲೆ ಪ್ರಾಕ್ಟೀಸ್ ಅಂತ ಎಷ್ಟೋ ಬಡವರ ಮನೆ ಹುಡುಗರಿಗೆ ಕೆಲ್ಸ, ಪೆನ್ಷನ್, ಗೌರವ ಎಲ್ಲಾ ಕೊಟ್ವು. ಆದ್ರೆ ಫುಟ್ಬಾಲನ್ನೇ ವೃತ್ತಿ ಮಾಡ್ಕೊಂಡು ದೇಶದ ದೊಡ್ಡ ಮ್ಯಾಚುಗಳಲ್ಲಿ ಆಡ್ಬೇಕು ಅನ್ನೋ ಹುಡುಗನಿಗೆ ರೈಲು ಹತ್ತೋದು ಬಿಟ್ರೆ ದಾರಿ ಇರ್ಲಿಲ್ಲ. ಕೋಲ್ಕತ್ತಾದಲ್ಲಿ ಹೆಂಗಿತ್ತು ಅಂದ್ರೆ, 1997ರ ಜುಲೈ 13ಕ್ಕೆ ಈಸ್ಟ್ ಬೆಂಗಾಲ್ ಮತ್ತೆ ಅದೇ ಊರಿನ ಬದ್ಧ ಎದುರಾಳಿ ಮೋಹನ್ ಬಗಾನ್ ನಡುವೆ ಫೆಡರೇಷನ್ ಕಪ್ ಸೆಮಿಫೈನಲ್ಲು, ಭೈಚುಂಗ್ ಹ್ಯಾಟ್ರಿಕ್ ಹೊಡ್ದ ಮ್ಯಾಚು, ಸಾಲ್ಟ್ ಲೇಕ್ ಸ್ಟೇಡಿಯಮ್ಮಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ ಜನ. ಅಂಥ ಜನದ ಮುಂದೆ ಆಡೋ ಆಸೆ ಯಾವ ಆಟಗಾರನಿಗೆ ಇರಲ್ಲ?

ಬೆಂಗಳೂರು ಎಫ್‌ಸಿ ಬಂದಿದ್ದು 2013ರಲ್ಲಿ, ಬಂದ ಮೊದಲ ಸೀಸನ್ನೇ ಆಗ ದೇಶದ ಟಾಪ್ ಲೀಗ್ ಆಗಿದ್ದ ಐ-ಲೀಗ್ ಗೆದ್ದಿದ್ದು. ಚಾಪ್ಮನ್ ಆಟ ಬಿಟ್ಟು ಅಷ್ಟೊತ್ತಿಗೆ ಹನ್ನೆರಡು ವರ್ಷ. ಕಂಠೀರವದಲ್ಲಿ ಸ್ಟ್ಯಾಂಡ್ ಪೂರ್ತಿ ನೀಲಿ ಜರ್ಸಿ ಹಾಕ್ಕೊಂಡು ಜನ ಹಾಡ್ತಾ ಕುಣೀತಾ ಇದ್ದಿದ್ದನ್ನ ನೋಡ್ದಾಗೆಲ್ಲಾ ನಂಗೆ ಅನ್ಸೋದು, ಇದೇ ಜನ ಇದೇ ಸ್ಟೇಡಿಯಮ್ಮಲ್ಲಿ ಚಾಪ್ಮನ್‌ಗೋಸ್ಕರ ಹಾಡ್ಬೇಕಿತ್ತು ಅಂತ. ಅವ್ರ ಹೆಸರಲ್ಲಿ ಕೂಗಿದ್ದು ಬಂಗಾಳದೋರು. ಒಳ್ಳೇದೇ, ಅವ್ರು ಆಟಗಾರರನ್ನ ತಲೆ ಮೇಲೆ ಹೊತ್ಕೊಳ್ತಾರೆ, ಆದ್ರೂ ನಮ್ ಪಾಲು ನಮಗೆ ಸಿಗಲಿಲ್ಲ.

ಕೊಡಗಿನಿಂದ: ಎಫ್‌ಸಿ ಕೊಚ್ಚಿನ್ ಏನಾಯ್ತು?

1997ರಲ್ಲಿ ದೊಡ್ಡ ಕನಸಿಟ್ಕೊಂಡು ಶುರುವಾದ ಕೇರಳದ ಪ್ರೊಫೆಷನಲ್ ಕ್ಲಬ್ಬು, ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ರು, ವಿಜಯನ್, ಚಾಪ್ಮನ್ ಇಬ್ರೂ ಅಲ್ಲಿಗೆ ಹೋಗಿದ್ರು. ದುಡ್ಡಿನ ತೊಂದ್ರೆಯಾಗಿ ಕೆಲವೇ ವರ್ಷದಲ್ಲಿ ನಿಂತೋಯ್ತು.

ದಾವಣಗೆರೆಯಿಂದ: ಚಾಪ್ಮನ್ ಕ್ಯಾಪ್ಟನ್ ಆಗಿ ಏನಾದ್ರೂ ದೊಡ್ಡ ಕಪ್ ಗೆದ್ದಿದಾರಾ?

2000-01ರ ನ್ಯಾಷನಲ್ ಲೀಗ್. ಇದರ ತೂಕ ಗೊತ್ತಾಗ್ಬೇಕಂದ್ರೆ ಹಿಂದಿನ ನಾಕು ವರ್ಷ ನೋಡಿ. ಮೊದಲ ವರ್ಷ ಜೆಸಿಟಿ, ಎರಡನೇ ವರ್ಷ ಮೋಹನ್ ಬಗಾನ್, ಆಮೇಲೆ ಗೋವಾದ ಸಲ್ಗಾಂವ್ಕರ್, ಮತ್ತೆ ಮೋಹನ್ ಬಗಾನ್. ಪಕ್ಕದ ಮನೆಯೋರು ಎರಡು ಸಲ ಗೆದ್ದಿದಾರೆ, ಈಸ್ಟ್ ಬೆಂಗಾಲಿಗೆ ಒಂದೂ ಇಲ್ಲ. ಕೋಲ್ಕತ್ತಾದಲ್ಲಿ ಇದು ಎಂಥ ಅವಮಾನ ಅಂತ ಅಲ್ಲಿನೋರನ್ನ ಕೇಳಿದ್ರೆ ಗೊತ್ತಾಗುತ್ತೆ, ಆಫೀಸಲ್ಲಿ, ಟ್ರಾಮಲ್ಲಿ, ಮದುವೆ ಮನೇಲಿ ಎಲ್ಲಾ ಕಡೆ ಮಾತು ಕೇಳ್ಬೇಕು. ಅಂಥ ಹೊತ್ತಲ್ಲಿ ಕ್ಯಾಪ್ಟನ್ ಚಾಪ್ಮನ್, ಕೋಚ್ ಮನೋರಂಜನ್ ಭಟ್ಟಾಚಾರ್ಯ, ಇಬ್ರೂ ಸೇರಿ ಈಸ್ಟ್ ಬೆಂಗಾಲಿಗೆ ಮೊದಲ ಲೀಗ್ ತಂದುಕೊಟ್ರು, ಅದೂ ಮೋಹನ್ ಬಗಾನನ್ನ ಎರಡನೇ ಸ್ಥಾನದಲ್ಲಿ ಕೂರ್ಸಿ. ಆ ವರ್ಷಾನೇ ಅವ್ರು ಬೂಟ್ ಬಿಚ್ಚಿದ್ದು, ಮೂವತ್ತು ವಯಸ್ಸಿಗೆ. ಇನ್ನೂ ಎರಡು ಮೂರು ವರ್ಷ ಆಡ್ಬೋದಿತ್ತು ಅಂತ ನಂಗೆ ಅನ್ಸುತ್ತೆ. ಆದ್ರೆ ಲೀಗ್ ಗೆದ್ದ ಕ್ಯಾಪ್ಟನ್ ಆಗಿ ಹೋಗೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ ಹೇಳಿ.

ಕೋಲಾರದಿಂದ: ರಿಟೈರ್ ಆದ್ಮೇಲೆ ಏನ್ ಮಾಡ್ತಿದ್ರು? ತೀರ್ಕೊಂಡ್ರು ಅಂತ ಕೇಳಿ ತುಂಬಾ ದಿನ ನಂಬಕ್ಕೇ ಆಗ್ಲಿಲ್ಲ.

ಕೋಚಿಂಗು. ಮೊದಲು ತಾವೇ ಓದಿದ ಟಾಟಾ ಅಕಾಡೆಮಿಗೆ ವಾಪಸ್ ಹೋಗಿ ಹುಡುಗರಿಗೆ ಕಲಿಸಿದ್ರು. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತಾದ ಭವಾನಿಪುರ್, ಕೋಳಿಕ್ಕೋಡಿನ ಕ್ವಾರ್ಟ್ಜ್, ಹಿಂಗೆ ಹೆಚ್ಚಿನವು ಸಣ್ಣ ಕ್ಲಬ್ಬುಗಳೇ. ಟಿವಿ ಸ್ಟುಡಿಯೋದಲ್ಲಿ ಕೂರೋದಕ್ಕಿಂತ ಎಳೇ ಹುಡುಗರ ಜೊತೆ ಗ್ರೌಂಡಲ್ಲಿರೋ ಕೆಲ್ಸ.

2020ರ ಅಕ್ಟೋಬರ್ 12, ಬೆಂಗಳೂರಲ್ಲಿ, ಹೃದಯಾಘಾತ. ನಲವತ್ತೊಂಬತ್ತೇ ವರ್ಷ. ಕೊರೊನಾ ಕಾಲ ಬೇರೆ, ಫ್ಯಾನ್ಸೆಲ್ಲಾ ಒಂದ್ಕಡೆ ಸೇರೋ ಹಂಗೂ ಇರ್ಲಿಲ್ಲ. ಹಳೇ ಟೀಮ್‌ಮೇಟ್ಸು, ಎದುರಾಡಿದೋರು ಎಲ್ಲಾ ಒಂದೇ ಮಾತು ಹೇಳಿದ್ರು, ಒಳ್ಳೇ ಮನುಷ್ಯ ಅಂತ. ಆಟದ ಬಗ್ಗೆ ಹೇಳೋಕೆ ಮುಂಚೆ ಎಲ್ಲಾರ ಬಾಯಲ್ಲಿ ಅದೇ ಬಂದಿದ್ದು ನಂಗೆ ಇವತ್ತಿಗೂ ಕಣ್ಣಲ್ಲಿ ನೀರು ತರ್ಸುತ್ತೆ. ನಿಮ್ಮಂಗೇ ನಂಗೂ ನಂಬೋಕೆ ದಿನ ಹಿಡೀತು.

ಮಂಡ್ಯದಿಂದ ಫುಟ್ಬಾಲ್ ಕಲಿಸೋ ಒಬ್ಬ ಮೇಷ್ಟ್ರು: ನಮ್ಮ ಹುಡುಗ್ರಿಗೆ ಚಾಪ್ಮನ್ ಆಟದಿಂದ ಏನ್ ತೋರಿಸ್ಲಿ? ವಿಡಿಯೋ ಹುಡುಕಿದ್ರೆ ಜಾಸ್ತಿ ಸಿಗ್ತಿಲ್ಲ.

ವಿಡಿಯೋ ಕಡಿಮೆನೇ ಮೇಷ್ಟ್ರೇ. ಸಿಕ್ಕಿದ್ರಲ್ಲೂ ಗೋಲಷ್ಟೇ ಇರುತ್ತೆ, ಗೋಲಿಗೆ ಮುಂಚೆ ಬಾಲ್ ಹೆಂಗೆ ಬಂತು ಅನ್ನೋದನ್ನ ಕತ್ತರಿಸ್ಬಿಟ್ಟಿರ್ತಾರೆ. ನೀವು ವಿಡಿಯೋ ಬಿಡಿ, ಜೆಸಿಟಿ ತರ ಮೂರು ಜನರ ಆಟಾನೇ ಆಡ್ಸಿ. ಒಬ್ಬ ಹುಡುಗ ಹಿಂದೆ, ಮುಂದೆ ಇಬ್ರು, ಒಬ್ಬನಿಗೆ ಯಾವಾಗ್ಲೂ ಕಾಲಿಗೆ ಪಾಸು, ಇನ್ನೊಬ್ಬನಿಗೆ ಯಾವಾಗ್ಲೂ ಓಡೋ ಜಾಗಕ್ಕೆ ಪಾಸು, ನಡುವೆ ಇಬ್ರು ಡಿಫೆಂಡರ್. ಹಿಂದಿನ ಹುಡುಗ ಬಾಲ್ ಬರೋಕೆ ಮುಂಚೇನೇ ಕತ್ತೆತ್ತಿ ಇಬ್ರೂ ಎಲ್ಲಿದಾರೆ ಅಂತ ನೋಡಿರ್ಬೇಕು, ಬಾಲ್ ಸಿಕ್ಮೇಲೆ ನೋಡಿದ್ರೆ ತಡ. ದಿನಾ ಸ್ವಲ್ಪ ಹೊತ್ತು ಇದನ್ನ ಮಾಡ್ಸಿ, ಹಿಂದೆ ನಿಲ್ಲೋ ಹುಡುಗನ್ನ ಬದಲಾಯಿಸ್ತಾ ಇರಿ. ಮಾರ್ಕ್ಸ್ ಹಾಕೋದಾದ್ರೆ ಗೋಲಿಗಲ್ಲ, ಪಾಸಿಗೆ ಹಾಕಿ.

ಬೆಂಗಳೂರು, ರಾಜಾಜಿನಗರದಿಂದ: ಅವ್ರ ಹೆಸರಲ್ಲಿ ಒಂದು ಟೂರ್ನಮೆಂಟ್ ಮಾಡಿದ್ರೆ ಹೆಂಗೆ? ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿರೋ ಖುಷೀಲಾದ್ರೂ ಮಾಡ್ಬೋದಲ್ವಾ?

ಖಂಡಿತ ಮಾಡ್ಬೇಕು. ನೀವು ಹೇಳ್ತಿರೋ ಗೆಲುವು 2023ರ ಮಾರ್ಚ್ 4ದು, ರಿಯಾದಲ್ಲಿ ಮೇಘಾಲಯದ ಮೇಲೆ 3-2. ಐವತ್ನಾಲ್ಕು ವರ್ಷ ಆದ್ಮೇಲೆ ಕಪ್ ನಮ್ಮೂರಿಗೆ ಬಂತು. ಚಾಪ್ಮನ್ ನೋಡೋಕೆ ಇರ್ಲಿಲ್ಲ.

ಟೂರ್ನಮೆಂಟ್ ಮಾಡೋದಾದ್ರೆ ನಂದೊಂದು ಬೇಡಿಕೆ ಇದೆ, ದೊಡ್ಡೋರಿಗೆ ಬೇಡ, ಹದಿನೈದು ವರ್ಷದೊಳಗಿನ ಹುಡುಗರಿಗೆ ಮಾಡಿ. ಅವ್ರು ಸಾಯ್ ಸೆಂಟರಿಗೆ ಹೋಗಿ ಆಟ ಕಲ್ತಿದ್ದೂ ಆ ವಯಸ್ಸಲ್ಲೇ. ಬೆಂಗಳೂರಿನ ಅಕಾಡೆಮಿಗಳಷ್ಟೇ ಅಲ್ಲ, ಬೆಳಗಾವಿ, ಮಂಗಳೂರು, ಕೆಜಿಎಫ್ ಎಲ್ಲಾ ಕಡೆಯಿಂದ ಕರೀಬೇಕು, ದೂರದಿಂದ ಬರೋ ಟೀಮುಗಳಿಗೆ ಬಸ್ ಚಾರ್ಜು, ಉಳ್ಕೊಳ್ಳೋ ವ್ಯವಸ್ಥೆ ಮಾಡ್ಕೊಡ್ಬೇಕು, ಇಲ್ಲಾಂದ್ರೆ ದುಡ್ಡಿರೋರೇ ಬಂದು ಆಡ್ಕೊಂಡು ಹೋಗ್ತಾರೆ. ಮತ್ತೆ ಟಾಪ್ ಸ್ಕೋರರ್ ಪ್ರೈಜು ಇದ್ದೇ ಇರುತ್ತೆ, ಅದಕ್ಕಿಂತ ದೊಡ್ಡ ಪ್ರೈಜು ಬೆಸ್ಟ್ ಮಿಡ್‌ಫೀಲ್ಡರಿಗೆ ಇರ್ಲಿ.